ಹಲ್ಲಿನ ಪಾಚಿಯ ಚರಿತ್ರೆ: ಕಲ್ಯಾಣದಿಂದ ಗಾಂಧಿ ಗಂಜ್‌ವರೆಗೆ

ಬೀದರ್ ನಗರದ ಗಾಂಧಿ ಗಂಜ್‌ನಲ್ಲಿ ತೂಗಿ ಮಾರುವ ಸರಕಿನಲ್ಲಿ ಬಹುಪಾಲು ಕೊನೆಗೆ ಸೇರುವುದು ಮನುಷ್ಯರ ಬಾಯಿಗೇ. ಭಾಲ್ಕಿ ಕಡೆಯ ತೊಗರಿ, ಔರಾದ್ ಕಡೆಯ ಉದ್ದು, ಹೆಸರು, ಬಿಳಿಜೋಳ, ಕಡಲೆ, ಬೆಲ್ಲದ ಪೆಂಟಿ, ಸಕ್ಕರೆ ಚೀಲ, ಅದರಾಚೆಯ ಅಂಗಡಿಗಳಲ್ಲಿ ಎಲೆ, ಅಡಿಕೆ, ತಂಬಾಕು. ಇವುಗಳ ದರ ಯಾವ ವರ್ಷ ಏರಿತು, ಯಾವ ವರ್ಷ ಬಿತ್ತು ಎಂಬುದು ಅಡತಿ ಅಂಗಡಿಗಳ ಖಾತೆ ಪುಸ್ತಕದಲ್ಲಿ ಸಿಗುತ್ತದೆ. ಬಾಯಿಯೊಳಗೆ ಹೋದ ಮೇಲೆ ಇವು ಏನು ಮಾಡಿದವು ಎಂಬ ಲೆಕ್ಕ ಮಾತ್ರ ಬೇರೆಡೆ ಇದೆ. ಅದು ಹಲ್ಲಿನ ಮೇಲೆ ದಿನವೂ ಕಟ್ಟುವ ಪಾಚಿಯಲ್ಲಿದೆ.

ಬೆಳಿಗ್ಗೆ ಎದ್ದಾಗ ನಾಲಿಗೆಗೆ ತಾಕುವ ಆ ಜಿಡ್ಡನ್ನು ಉಗುರಿನಿಂದ ಕೆರೆದರೆ ಬಿಳಿಯ ಮೆತ್ತನೆಯ ಪದಾರ್ಥ ಬರುತ್ತದೆ. ಅನ್ನದ ಅಗುಳೋ ರೊಟ್ಟಿಯ ಚೂರೋ ಇರಬೇಕೆಂದು ಜನ ಅದನ್ನು ಉಗಿದುಬಿಡುತ್ತಾರೆ. ಅದರಲ್ಲಿ ಅನ್ನವಾಗಲಿ ರೊಟ್ಟಿಯಾಗಲಿ ಹೆಚ್ಚೇನೂ ಇರುವುದಿಲ್ಲ. ಅದರ ಬಹುಭಾಗ ಜೀವಂತ ಬ್ಯಾಕ್ಟೀರಿಯಾ. ಒಂದೇ ಒಂದು ಮಿಲಿಗ್ರಾಂ ಪಾಚಿಯಲ್ಲಿ ಸುಮಾರು 10 ಕೋಟಿ ಇರುತ್ತವೆ. ಮನುಷ್ಯರ ಬಾಯಲ್ಲಿ ಈವರೆಗೆ ಗುರುತಾಗಿರುವ ಪ್ರಭೇದಗಳು ಸುಮಾರು 700. ಇವನ್ನು ಕಂಡು, ಬಣ್ಣ ಹಾಕಿ, ಹೆಸರಿಟ್ಟು, ವಿಂಗಡಿಸಲು ಜಗತ್ತಿಗೆ 300 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆದರೆ ಆ ಪಾಚಿಯನ್ನು ದಿನವೂ ತಿಕ್ಕಿ ತೆಗೆಯಬೇಕು ಎಂಬ ತಿಳಿವಳಿಕೆ ಬೀದರ್ ಸೀಮೆಗೆ ಅದಕ್ಕಿಂತ ಬಹಳ ಹಿಂದಿನಿಂದಲೇ ಇತ್ತು. ಈ ಎರಡು ಚರಿತ್ರೆಗಳನ್ನು ಜೊತೆಗಿಟ್ಟು ನೋಡಿದಾಗಲೇ ಎರಡೂ ಸರಿಯಾಗಿ ಅರ್ಥವಾಗುತ್ತವೆ.

ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ 12ನೇ ಶತಮಾನದಲ್ಲಿ ಚಾಲುಕ್ಯರ ರಾಜಧಾನಿ ಕಲ್ಯಾಣವಾಗಿತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದಾಗ ರಾಜಭೋಗಗಳ ಪಟ್ಟಿಯಲ್ಲಿ ತಾಂಬೂಲಕ್ಕೇ ಒಂದು ಪ್ರತ್ಯೇಕ ಅಧ್ಯಾಯ ದಕ್ಕಿತು. ಅದೇ ಶತಮಾನದ ಶರಣರ ನಡುವೆ ವೀಳ್ಯದೆಲೆ ಮಾರುವ ಕಾಯಕದ ಎಲೆಗಾರ ಕಾಮಣ್ಣ ಇದ್ದ, ವೈದ್ಯ ಸಂಗಣ್ಣನೂ ಇದ್ದ. ಅರಮನೆಗೂ ಬೀದಿಗೂ ಎಲೆ ಅಡಿಕೆ ಸಮಾನವಾಗಿ ಸಂದ ಕಾಲ ಅದು. ಊಟವಾದ ಮೇಲೆ ಬಾಯಿಯ ವಾಸನೆ ಹೋಗಬೇಕು, ಬಾಯಿ ಕೆಂಪಾಗಬೇಕು, ನಾಲಿಗೆ ಹಗುರಾಗಬೇಕು ಎಂಬ ಬಯಕೆ ಎಲೆಯ ಹಿಂದಿತ್ತು.

ಹಲ್ಲು ಉಜ್ಜುವ ವಿಧಿ ಇದಕ್ಕೂ ಹಳೆಯದು. ಸುಶ್ರುತ ಸಂಹಿತೆ ದಂತಧಾವನಕ್ಕೆ 12 ಅಂಗುಲ ಉದ್ದದ, ಕಿರುಬೆರಳಿನಷ್ಟು ದಪ್ಪದ, ಗಂಟಿಲ್ಲದ ಹಸಿ ಕಡ್ಡಿ ಬೇಕು ಎನ್ನುತ್ತದೆ. ಕಹಿ ಮರಗಳಲ್ಲಿ ಬೇವು, ಒಗರಿನಲ್ಲಿ ಕಾಚಿನ ಮರ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠ ಎಂದು ಹೆಸರಿಸುತ್ತದೆ. ಈ ನಾಲ್ಕರಲ್ಲಿ ಬೀದರಿನ ಕೆಂಪು ನೆಲದಲ್ಲಿ ಕೈಗೆ ಸುಲಭವಾಗಿ ಎಟಕುವುದು ಬೇವು. ಕಡ್ಡಿಯ ತುದಿಯನ್ನು ದವಡೆ ಹಲ್ಲಿನಲ್ಲಿ ಅಗಿದಾಗ ಸಿಪ್ಪೆ ಬಿಟ್ಟು ನಾರು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಕಹಿ ರಸ ಒಸರುತ್ತದೆ, ಬಾಯಿತುಂಬ ಜೊಲ್ಲು ಬರುತ್ತದೆ. ಆಮೇಲೆ ಆ ಕುಂಚದಿಂದ ಒಂದೊಂದೇ ಹಲ್ಲನ್ನು ವಸಡಿನ ಅಂಚಿನವರೆಗೆ ತಿಕ್ಕುತ್ತಾರೆ. ಕೊನೆಗೆ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಾಗಿಸಿ, ನಾಲಿಗೆ ಹೆರೆದು ಎಸೆಯುತ್ತಾರೆ. ಮುಸ್ಲಿಂ ಮನೆಗಳಲ್ಲಿ ಇದೇ ಕೆಲಸವನ್ನು ಮಿಸ್ವಾಕ್ ಮಾಡುತ್ತಾ ಬಂದಿದೆ. ಕಡ್ಡಿ ಸಿಗದಿದ್ದಾಗ ಕುಳ್ಳಿನ ಬೂದಿ, ಇದ್ದಿಲು, ಉಪ್ಪು.

ಇಷ್ಟೆಲ್ಲ ತಿಕ್ಕಿದರೂ ಹಲ್ಲು ಹುಳುಕಾದಾಗ ಜನ ಒಂದು ಕಾರಣ ಹೇಳುತ್ತಿದ್ದರು: ಒಳಗೆ ಹುಳ ಸೇರಿದೆ. ಸುಶ್ರುತನೂ ಇದನ್ನು ಕೃಮಿದಂತ ಎಂದೇ ಕರೆದಿದ್ದಾನೆ. ಬ್ಯಾಬಿಲೋನಿಯಾದ ಮಣ್ಣಿನ ಹಲಗೆಗಳಲ್ಲಿಯೂ ಹಲ್ಲಿನ ಹುಳದ ಕಥೆ ಇದೆ. ಸಂತೆ ಜಾತ್ರೆಗಳಲ್ಲಿ ಹುಳ ತೆಗೆಯುವವರು ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಸುಟ್ಟು, ಕೊಳವೆಯಲ್ಲಿ ಹೊಗೆಯನ್ನು ಬಾಯೊಳಗೆ ಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನೀರಿನ ಬಟ್ಟಲಲ್ಲಿ ಬಿಳಿಯ ಸಣ್ಣ ಹುಳಗಳಂಥವು ತೇಲಿ ಕಾಣುತ್ತಿದ್ದವು. ಅವು ಶಾಖಕ್ಕೆ ಸಿಡಿದ ಬೀಜದೊಳಗಿನ ಮೊಳಕೆಗಳು. ಹೊಗೆಗೆ ನೋವು ಒಂದಷ್ಟು ಹೊತ್ತು ಮರಗಟ್ಟಿದಂತಾದರೆ ನಂಬಿಕೆ ಗಟ್ಟಿಯಾಗುತ್ತಿತ್ತು. ಪ್ಯಾರಿಸ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ತನ್ನ ದೊಡ್ಡ ಗ್ರಂಥ ಪ್ರಕಟಿಸಿದಾಗ, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಹುಳುಕು ಹಲ್ಲಿನಲ್ಲಿ ಹುಳ ಕಾಣಲಿಲ್ಲ ಎಂದು ಬರೆದ. ಹುಳ ಇರಲಿಲ್ಲ ನಿಜ. ಅದಕ್ಕಿಂತ ಸಾವಿರಾರು ಪಟ್ಟು ಚಿಕ್ಕದಾದ ಜೀವ ಹಲ್ಲಿನ ಮೇಲಿದೆ ಎಂದು ಅಷ್ಟರಲ್ಲಾಗಲೇ ಒಬ್ಬ ಬಟ್ಟೆ ವ್ಯಾಪಾರಿ ಕಂಡು ಬರೆದಿಟ್ಟಿದ್ದ.

ಆ ವ್ಯಾಪಾರಿಯ ಕಾಲಕ್ಕೆ ಬೀದರಿನ ಬಾಯಿಗೆ ಹೊಸ ಅತಿಥಿಯೊಂದು ಬಂದಾಗಿತ್ತು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಾಪುರದಲ್ಲಿ ತಂಬಾಕು ಕಂಡು, ರತ್ನ ಕೂಡಿಸಿದ ಹುಕ್ಕಾದ ಸಮೇತ ಅದನ್ನು ಆಗ್ರಾದ ದರ್ಬಾರಿಗೆ ಒಯ್ದ. ಅದೇ ಶತಮಾನ ಮುಗಿಯುವ ಹೊತ್ತಿಗೆ ಬೀದರಿನ ಕುಶಲಕರ್ಮಿಗಳು ಎರಕ ಹೊಯ್ದ ಬಿದ್ರಿ ಹುಕ್ಕಾ ಬುಡಗಳು ದೇಶದ ಸಿರಿವಂತರ ಮನೆ ಸೇರುತ್ತಿದ್ದವು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿ ಕೂಡಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಎದ್ದು ಕಾಣುತ್ತದೆ. ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಬಿದ್ರಿ ಸಾಮಾನುಗಳನ್ನು ಗಮನಿಸಿ: ಹುಕ್ಕಾ ಬುಡ, ಪಾನದಾನ, ಪೀಕದಾನಿ. ಈ ಊರಿನ ಅತಿ ಸೂಕ್ಷ್ಮ ಕಲೆ ಅರಳಿದ್ದೇ ಬಾಯಿಗೆ ಸಂಬಂಧಿಸಿದ ಪಾತ್ರೆಗಳ ಮೇಲೆ. ಆ ಪಾತ್ರೆಗಳನ್ನು ಬಳಸಿದವರ ಹಲ್ಲು ವಸಡುಗಳ ಗತಿ ಏನಾಗಿತ್ತೆಂದು ಯಾವ ದರ್ಬಾರಿ ಇತಿಹಾಸಕಾರನೂ ಬರೆಯಲಿಲ್ಲ.

1683. ಔರಂಗಜೇಬನ ಕೈಸೇರಿದ ಬೀದರಿಗೆ ಆಗ ಜಫರಾಬಾದ್ ಎಂದು ಹೆಸರು. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇನ್ನೂ ಇಡಿಯಾಗಿ ನಿಂತಿತ್ತು. ಆ ವರ್ಷದ ಸೆಪ್ಟೆಂಬರ್ 17ರಂದು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂತೋನಿ ವಾನ್ ಲೀವೆನ್‌ಹುಕ್ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ತಾನೇ ಉಜ್ಜಿ ಮಾಡಿದ ಒಂಟಿ ಮಸೂರದ ಪುಟ್ಟ ಸೂಕ್ಷ್ಮದರ್ಶಕಗಳು ಅವನ ಬಳಿ ಇದ್ದವು. ಅವುಗಳಲ್ಲಿ ಉತ್ತಮವಾದದ್ದು ವಸ್ತುವನ್ನು 250 ಪಟ್ಟಿಗೂ ಮಿಗಿಲಾಗಿ ಹಿಗ್ಗಿಸುತ್ತಿತ್ತು.

ಲೀವೆನ್‌ಹುಕ್ ಕೊಳಕು ಬಾಯಿಯವನಾಗಿರಲಿಲ್ಲ. ದಿನವೂ ಬೆಳಿಗ್ಗೆ ಉಪ್ಪಿನಿಂದ ಹಲ್ಲು ತಿಕ್ಕಿ ಬಾಯಿ ಮುಕ್ಕಳಿಸುತ್ತಿದ್ದ, ಊಟವಾದ ಮೇಲೆ ಕಡ್ಡಿಯಿಂದ ಸಂದು ಕೆದಕಿ, ಬಟ್ಟೆಯಿಂದ ಒರೆಸುತ್ತಿದ್ದ. ಅಷ್ಟಾದರೂ ದವಡೆಯ ಸಂದುಗಳಲ್ಲಿ ಹಿಟ್ಟಿನ ಕಣಕದಂಥ ಬಿಳಿ ಪದಾರ್ಥ ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಕದಡಿ ಮಸೂರದ ಕೆಳಗಿಟ್ಟಾಗ ಅದರಲ್ಲಿ ಜೀವಗಳು ಓಡಾಡುತ್ತಿದ್ದವು. ಉದ್ದನೆಯ ಒಂದು ಬಗೆ ನೇರವಾಗಿ ರಭಸದಿಂದ ನುಗ್ಗುತ್ತಿತ್ತು. ಇನ್ನೊಂದು ಬಗೆ ಗಿರ್ರನೆ ಸುತ್ತುತ್ತಿತ್ತು. ಮತ್ತೊಂದು ಅತಿ ಚಿಕ್ಕದು, ಎಣಿಸಲಾರದಷ್ಟು. ಅಲುಗಾಡದೆ ಬಿದ್ದ ಉದ್ದ ಎಳೆಗಳೂ ಇದ್ದವು. ಅವನು ಬಿಡಿಸಿದ ಚಿತ್ರದಲ್ಲಿ ಇಂದಿನ ವಿದ್ಯಾರ್ಥಿ ಗುಂಡು, ಕಡ್ಡಿ, ಎಳೆ, ಸುರುಳಿ ನಾಲ್ಕನ್ನೂ ಗುರುತಿಸಬಲ್ಲ. ಇಡೀ ನೆದರ್ಲೆಂಡ್ಸಿನ ಜನಸಂಖ್ಯೆಗಿಂತ ಹೆಚ್ಚು ಜೀವಿಗಳು ತನ್ನೊಬ್ಬನ ಬಾಯಲ್ಲಿವೆ ಎಂದು ಅವನು ಅಂದಾಜು ಮಾಡಿದ.

ಅವನ ಪ್ರಯೋಗಗಳಲ್ಲಿ ಒಂದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ, ಈ ಲೇಖನದ ದೃಷ್ಟಿಗೆ ಅದೇ ಮುಖ್ಯ. ಬಾಯಿಯಿಂದ ತೆಗೆದ ಪದಾರ್ಥಕ್ಕೆ ವಿನೆಗರ್ ಬೆರೆಸಿದಾಗ ಜೀವಿಗಳು ತಕ್ಷಣ ಸತ್ತವು. ಆದರೆ ವಿನೆಗರಿನಿಂದ ಬಾಯಿ ಮುಕ್ಕಳಿಸಿ ಆಮೇಲೆ ಪಾಚಿ ತೆಗೆದು ನೋಡಿದರೆ ಅವು ಬದುಕಿದ್ದವು. ವಿನೆಗರ್ ಮೇಲ್ಪದರದವನ್ನು ಮಾತ್ರ ಕೊಂದಿದೆ, ಒಳಪದರಕ್ಕೆ ಇಳಿದಿಲ್ಲ ಎಂದು ಅವನು ಸರಿಯಾಗಿ ತೀರ್ಮಾನಿಸಿದ. ಬಾಯಿಯ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿ ಬದುಕುವುದಿಲ್ಲ, ಒಂದಕ್ಕೊಂದು ಅಂಟಿಕೊಂಡು ಪೊರೆ ಕಟ್ಟಿ ಬದುಕುತ್ತವೆ, ಆ ಪೊರೆಯೇ ಅವುಗಳ ರಕ್ಷೆ. ಈ ಮಾತು ವಿಜ್ಞಾನದ ಮುಖ್ಯಧಾರೆಗೆ ಬರಲು ಮತ್ತೆ ಸುಮಾರು 300 ವರ್ಷ ಕಾಯಬೇಕಾಯಿತು. ನಡುವಿನ ಕಾಲವೆಲ್ಲ ಬಿಡಿ ಜೀವಿಗಳನ್ನು ವಿಂಗಡಿಸುವುದರಲ್ಲೇ ಕಳೆಯಿತು.

ವಿಂಗಡಣೆ ಸುಲಭವಿರಲಿಲ್ಲ. ಗಿಡ, ಪ್ರಾಣಿಗಳಿಗೆಲ್ಲ ಹೆಸರಿಟ್ಟ ಲಿನೇಯಸ್ ಈ ಸೂಕ್ಷ್ಮಜೀವಿಗಳ ಮುಂದೆ ಕೈಚೆಲ್ಲಿ, ಹುಳುಗಳ ವರ್ಗದ ಕೊನೆಗೆ ‘ಕೇಯಾಸ್’ ಎಂಬ ಒಂದೇ ಕುಲದಲ್ಲಿ ಅವನ್ನು ತುಂಬಿಟ್ಟ. ಡೆನ್ಮಾರ್ಕಿನ ಓಟೊ ಫ್ರೆಡ್ರಿಕ್ ಮುಲ್ಲರ್ ಅವರ ಗ್ರಂಥ 1786ರಲ್ಲಿ ಪ್ರಕಟವಾಯಿತು. ಅದು ಆಕಾರ ನೋಡಿ ಕೆಲವು ಕುಲಗಳನ್ನು ಬೇರೆ ಮಾಡಿತು. 1872ರಲ್ಲಿ ಫರ್ಡಿನಾಂಡ್ ಕೋನ್ ಬ್ಯಾಕ್ಟೀರಿಯಾವನ್ನು ಗುಂಡು, ಗಿಡ್ಡ ಕಡ್ಡಿ, ಉದ್ದ ಎಳೆ, ಸುರುಳಿ ಎಂದು ನಾಲ್ಕು ಬಣಗಳಾಗಿ ಜೋಡಿಸಿ, ಅವುಗಳಿಗೆ ಸ್ಥಿರವಾದ ಆಕಾರವಿದೆ ಎಂದು ವಾದಿಸಿದರು. ಆಕಾರವೊಂದೇ ಸಾಲದೆಂದು ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1884ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ, ಶ್ವಾಸಕೋಶದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಲೆಂದು ಬಣ್ಣ ಹಾಕುವ ಒಂದು ಕ್ರಮ ಕಂಡುಹಿಡಿದರು. ಅದೇ ಮುಂದೆ ಬ್ಯಾಕ್ಟೀರಿಯಾ ಲೋಕವನ್ನು ಎರಡಾಗಿ ಸೀಳಿತು.

ಆ ಕ್ರಮ ಇಂದಿಗೂ ಹೆಚ್ಚು ಕಡಿಮೆ ಹಾಗೆಯೇ ಉಳಿದಿದೆ. ಬೀದರಿನ ನೌಬಾದ್‌ನಲ್ಲಿರುವ ಎಸ್.ಬಿ. ಪಾಟೀಲ ದಂತ ವೈದ್ಯಕೀಯ ಕಾಲೇಜಿನಂಥ ಕಡೆ, 2007ರಲ್ಲಿ ಶುರುವಾದ ಬ್ರಿಮ್ಸ್‌ನಂಥ ವೈದ್ಯಕೀಯ ಕಾಲೇಜುಗಳಲ್ಲಿ, ವಿದ್ಯಾರ್ಥಿಗಳು ಸೂಕ್ಷ್ಮಜೀವಿ ವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ಮೊದಲು ಕಲಿಯುವ ಕೆಲಸಗಳಲ್ಲಿ ಇದೂ ಒಂದು. ಹಲ್ಲಿನ ಪಾಚಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಆರಿಸಿ, ದೀಪದ ಉರಿಯ ಮೇಲೆ ಎರಡು ಮೂರು ಸಲ ಹಾಯಿಸುತ್ತಾರೆ. ನೇರಳೆ ಬಣ್ಣದ ಕ್ರಿಸ್ಟಲ್ ವಯಲೆಟ್ ಸುರಿದು ಒಂದು ನಿಮಿಷ ಬಿಟ್ಟು ತೊಳೆಯುತ್ತಾರೆ. ಅಯೋಡಿನ್ ಹಾಕುತ್ತಾರೆ, ಅದು ಬಣ್ಣವನ್ನು ಒಳಗೇ ಹಿಡಿದಿಡುತ್ತದೆ. ಆಮೇಲೆ ಆಲ್ಕೋಹಾಲ್. ಇದು ಕೆಲವೇ ಸೆಕೆಂಡುಗಳ ಕೆಲಸ, ಹೆಚ್ಚಾದರೂ ಕಡಿಮೆಯಾದರೂ ಫಲಿತಾಂಶ ಕೆಡುತ್ತದೆ. ಕೊನೆಗೆ ಕೆಂಪು ಸ್ಯಾಫ್ರನಿನ್. ಒಂದು ಹನಿ ಎಣ್ಣೆ ಬಿಟ್ಟು, 100 ಪಟ್ಟಿನ ಮಸೂರ ತಿರುಗಿಸಿ, 10 ಪಟ್ಟಿನ ಕಣ್ಣುಮಸೂರದಲ್ಲಿ ನೋಡಿದರೆ ಒಟ್ಟು 1000 ಪಟ್ಟು ಹಿಗ್ಗಿದ ಪಾಚಿ ಕಣ್ಣಿಗೆ ಬೀಳುತ್ತದೆ.

ಸಾಲುಸಾಲಾಗಿ ಕೂಡಿಕೊಂಡ ನೇರಳೆ ಗುಂಡುಗಳು ಸ್ಟ್ರೆಪ್ಟೊಕಾಕಸ್. ಕವಲೊಡೆದ ನೇರಳೆ ಎಳೆಗಳು ಆಕ್ಟಿನೊಮೈಸಿಸ್. ಪುಟ್ಟ ಗುಲಾಬಿ ಗುಂಡುಗಳು ವೆಯ್ಲೊನೆಲ್ಲಾ. ಎರಡೂ ತುದಿ ಚೂಪಾದ, ನಡು ತುಸು ಉಬ್ಬಿದ ಗುಲಾಬಿ ಕಡ್ಡಿಗಳು ಫ್ಯೂಸೊಬ್ಯಾಕ್ಟೀರಿಯಂ. ನೇರಳೆಯಾಗಿ ಉಳಿದವುಗಳ ಕೋಶದ ಗೋಡೆ ದಪ್ಪ, ಆಲ್ಕೋಹಾಲ್ ತೊಳೆದರೂ ಅದು ಬಣ್ಣ ಬಿಡುವುದಿಲ್ಲ. ಗುಲಾಬಿಯಾದವುಗಳ ಗೋಡೆ ತೆಳು, ಅದರ ಹೊರಗೆ ಕೊಬ್ಬಿನ ಇನ್ನೊಂದು ಪೊರೆ. ವಸಡಿನ ಆಳದಲ್ಲಿರುವ ಟ್ರೆಪೊನೀಮಾದಂಥ ಸುರುಳಿಗಳು ಈ ಬಣ್ಣಕ್ಕೆ ಸರಿಯಾಗಿ ಸಿಗುವುದೇ ಇಲ್ಲ. ಅವು ಅಷ್ಟು ಸಪೂರ. ಅವನ್ನು ಕಾಣಬೇಕಾದರೆ ಹಿನ್ನೆಲೆಯನ್ನು ಕಪ್ಪಾಗಿಸಿ ಜೀವಿಯನ್ನಷ್ಟೇ ಬೆಳಗಿಸುವ ಬೇರೆ ಬಗೆಯ ಸೂಕ್ಷ್ಮದರ್ಶಕ ಬೇಕು.

ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನಕ್ಕೆ ಸೂಕ್ಷ್ಮದರ್ಶಕದ ಚರಿತ್ರೆಯಲ್ಲಿ ದೊಡ್ಡ ಹೆಸರಿದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದ್‌ನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡರು. ಸೆಕೆಯ ಬೆವರಿಗೆ ಅವರ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಕಣ್ಣುಮಸೂರ ಬಿರುಕು ಬಿಟ್ಟಿತ್ತು. ಬೀದರಿನಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ ನಡೆದ ಆ ಕೆಲಸಕ್ಕೆ 1902ರಲ್ಲಿ ನೊಬೆಲ್ ಬಂತು. ಮಲೇರಿಯಾ, ಕಾಲರಾ, ಪ್ಲೇಗುಗಳು ಜನರನ್ನು ಕೊಲ್ಲುತ್ತಿದ್ದ ಕಾಲದಲ್ಲಿ ಹಲ್ಲಿನ ಪಾಚಿಯನ್ನು ಯಾರು ಕೇಳುತ್ತಾರೆ? ಸಂಸ್ಥಾನದ ವೈದ್ಯರ ಗಮನ ಬಾಯಿಯ ಕಡೆ ತಿರುಗಲಿಲ್ಲ. ಹಾಗೆ ನೋಡಿದರೆ ಇಡೀ ಭಾರತದಲ್ಲಿ ಮೊದಲ ದಂತ ಕಾಲೇಜು ತೆರೆದದ್ದೇ 1920ರಲ್ಲಿ, ಕಲ್ಕತ್ತೆಯಲ್ಲಿ ರಫೀಉದ್ದೀನ್ ಅಹ್ಮದ್ ಅವರಿಂದ. ಬೆಂಗಳೂರಿಗೆ ಸರ್ಕಾರಿ ದಂತ ಕಾಲೇಜು ಬಂದದ್ದು 1958ರಲ್ಲಿ.

ಆ ಖಾಲಿ ಜಾಗವನ್ನು ಹಲ್ಲುಪುಡಿ ತುಂಬಿತು. ಮೈಸೂರು ಸೀಮೆಯಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಮನೆಮಾತಾಯಿತು. ನಿಜಾಮನ ಸೀಮೆಯಲ್ಲಿ 1920ರಲ್ಲಿ ಶುರುವಾದ ಜಿಂದಾ ತಿಲಿಸ್ಮಾತ್ ಕಾರ್ಖಾನೆ ನೆಗಡಿ, ತಲೆನೋವಿನ ಔಷಧಿಯ ಜೊತೆಗೆ ಫಾರೂಕಿ ಮಂಜನ್ ಎಂಬ ಹಲ್ಲುಪುಡಿಯನ್ನೂ ಊರೂರಿಗೆ ತಲುಪಿಸಿತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ ನಕ್ಷೆ ಬದಲಾಯಿತು, ಆದರೆ ವ್ಯಾಪಾರದ ದಾರಿಗಳೆಲ್ಲ ಹೈದರಾಬಾದಿನ ಕಡೆಗೇ ಇದ್ದವು. ಗಂಜ್‌ಗೆ ಕಾಳು ತಂದ ರೈತ ಊರಿಗೆ ಮರಳುವಾಗ ಒಯ್ಯುವ ಕಿರಾಣಿ ಸಾಮಾನಿನಲ್ಲಿ ಒಂದು ಡಬ್ಬಿ ಮಂಜನ್ ಕೂಡ ಸೇರಿತು. ಬೇವಿನ ಕಡ್ಡಿಯ ನಾರು ಮಾಡುತ್ತಿದ್ದ ಕೆಲಸ ಬೆರಳಿಗೆ ಬಂತು. ಬೆರಳು ಹಲ್ಲಿನ ಮುಖವನ್ನು ಬೆಳಗುತ್ತದೆ, ಸಂದಿಗೆ ಇಳಿಯುವುದಿಲ್ಲ. ಪಾಚಿ ಮೊದಲು ಬೇರೂರುವುದೇ ಆ ಸಂದಿಯಲ್ಲಿ. ಪುಡಿ ಎಷ್ಟೇ ಒಳ್ಳೆಯದಿರಲಿ, ಈ ಬದಲಾವಣೆಯಲ್ಲಿ ಬಾಯಿ ಒಂದಿಷ್ಟು ಕಳೆದುಕೊಂಡಿತು ಎಂದೇ ಹೇಳಬೇಕು.

ಹೆಚ್ಚಿನ ಹಾನಿ ಬಂದದ್ದು ಇನ್ನೊಂದು ದಾರಿಯಿಂದ. ಅದರ ಸುಳಿವು ಕೊಟ್ಟವರು ವಿಲ್ಲಬಿ ಮಿಲ್ಲರ್. ಅಮೆರಿಕದ ಒಹಾಯೊದಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ನೆಲೆಸಿದ ಈ ದಂತವೈದ್ಯ, ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ವಿದ್ಯೆ ಕಲಿತರು. ಕಿತ್ತ ಹಲ್ಲುಗಳನ್ನು ಜೊಲ್ಲಿನಲ್ಲಿ ಇಟ್ಟು, ಒಂದು ಪಾತ್ರೆಗೆ ಬ್ರೆಡ್ಡು ಮತ್ತು ಸಕ್ಕರೆ, ಇನ್ನೊಂದಕ್ಕೆ ಮಾಂಸ ಹಾಕಿ ಮೈಬಿಸಿಯಲ್ಲಿಟ್ಟರು. ಬ್ರೆಡ್ಡು ಸಕ್ಕರೆಯ ಪಾತ್ರೆಯ ಹಲ್ಲು ಮೆತ್ತಗಾಯಿತು. ಮಾಂಸದ ಪಾತ್ರೆಯದು ಗಟ್ಟಿಯಾಗಿಯೇ ಇತ್ತು. ಜೊಲ್ಲನ್ನು ಮೊದಲೇ ಕುದಿಸಿ ಬ್ಯಾಕ್ಟೀರಿಯಾ ಕೊಂದಿದ್ದರೆ ಬ್ರೆಡ್ಡಿನ ಪಾತ್ರೆಯಲ್ಲೂ ಹಲ್ಲಿಗೆ ಏನೂ ಆಗಲಿಲ್ಲ. ಬ್ಯಾಕ್ಟೀರಿಯಾ ಸಿಹಿ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ. ಮನುಷ್ಯರ ಬಾಯಿಯ ಸೂಕ್ಷ್ಮಜೀವಿಗಳ ಕುರಿತು ಅವರು 1890ರಲ್ಲಿ ಪ್ರಕಟಿಸಿದ ಗ್ರಂಥ ಇಂದಿನ ದಂತವೈದ್ಯದ ಬುನಾದಿ. ಆದರೆ ಮಿಲ್ಲರ್ ಜೊಲ್ಲಿನ ಮೇಲೆ ಹೆಚ್ಚು ನೆಚ್ಚಿಕೊಂಡಿದ್ದರು. ಹಲ್ಲಿಗೆ ಅಂಟಿದ ಪೊರೆಯ ಕಡೆ ಬೆರಳು ತೋರಿಸಿದವರು ಅದೇ ದಶಕದ ಕೊನೆಗೆ ಜೆ. ಲಿಯಾನ್ ವಿಲಿಯಮ್ಸ್ ಮತ್ತು ಜಿ.ವಿ. ಬ್ಲ್ಯಾಕ್. ಅಲ್ಲಿಗೆ ಲೀವೆನ್‌ಹುಕ್ ಬಿಟ್ಟ ಎಳೆ ಮತ್ತೆ ಕೈಗೆ ಸಿಕ್ಕಿತು.

1924ರಲ್ಲಿ ಲಂಡನ್ನಿನ ಜೆ. ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿನಿಂದ ಒಂದು ಸ್ಟ್ರೆಪ್ಟೊಕಾಕಸ್ಸನ್ನು ಬೇರ್ಪಡಿಸಿದರು. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಾದ ಇದನ್ನು ಸುಮಾರು ನಾಲ್ಕು ದಶಕ ಯಾರೂ ಹೆಚ್ಚು ಗಮನಿಸಲಿಲ್ಲ. 1960ರಲ್ಲಿ ಪಾಲ್ ಕೀಸ್ ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಹಲ್ಲಿನ ಹುಳುಕು ಒಂದರಿಂದ ಒಂದಕ್ಕೆ ಅಂಟುತ್ತದೆ ಎಂದು ತೋರಿಸಿದ ಮೇಲೆ ಅದು ಮತ್ತೆ ಮುನ್ನೆಲೆಗೆ ಬಂತು. ಈ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಎರಡು ರೀತಿಯಲ್ಲಿ ಒದಗುತ್ತದೆ. ಒಂದು ಭಾಗವನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಇನ್ನೊಂದು ಭಾಗದಿಂದ ಗ್ಲೂಕಾನ್ ಎಂಬ ಅಂಟು ನೇಯ್ದು ಹಲ್ಲಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಜೋಳದ ರೊಟ್ಟಿಯ ಪಿಷ್ಟವೂ ಬಾಯಲ್ಲಿ ಒಂದಷ್ಟು ಆಮ್ಲವಾಗುವುದು ನಿಜ, ಆದರೆ ಜೊಲ್ಲು ಅದನ್ನು ಮೊದಲು ತುಂಡರಿಸಬೇಕು, ಅದಕ್ಕೆ ಹೊತ್ತು ಬೇಕು, ಅಂಟಂತೂ ಆಗುವುದಿಲ್ಲ. ಸಕ್ಕರೆಗೆ ಆ ಕಾಯುವಿಕೆಯೇ ಇಲ್ಲ.

ಬೀದರ್ ಜಿಲ್ಲೆ ಸಕ್ಕರೆಯ ಜಿಲ್ಲೆಯಾದದ್ದು ಕಳೆದ ಕೆಲವು ದಶಕಗಳಲ್ಲಿ. ಹಳ್ಳಿಖೇಡದಲ್ಲಿ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ, ಇಮಾಂಪುರದಲ್ಲಿ ನಾರಂಜಾ, ಭಾಲ್ಕಿ ತಾಲೂಕಿನ ಹುಣಜಿಯಲ್ಲಿ ಮಹಾತ್ಮಾ ಗಾಂಧಿ ಕಾರ್ಖಾನೆ ಬಂದವು. ಕಬ್ಬು ರೈತರ ಕೈಗೆ ದುಡ್ಡು ತಂದಿತು, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಅದರ ಜೊತೆಗೆ ಚಹಾ, ಬಿಸ್ಕತ್ತು, ಪೆಪ್ಪರ್‌ಮೆಂಟು ಪ್ರತಿ ಮನೆಗೂ ಬಂದವು. ಹಬ್ಬಕ್ಕೆ ಹೋಳಿಗೆ ಮಾಡುತ್ತಿದ್ದ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾ ಕುದಿಯತೊಡಗಿತು. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಪಾಚಿಯ ಆಮ್ಲವನ್ನು ಅಳೆದು ತೋರಿಸಿದ ಮಾತು ಇಲ್ಲಿ ನೆನಪಿಡಬೇಕಾದದ್ದು: ಸಿಹಿ ತಾಕಿದ ಕೆಲವೇ ನಿಮಿಷಗಳಲ್ಲಿ ಪಾಚಿಯ ಪಿಎಚ್ ಕುಸಿಯುತ್ತದೆ, ಮತ್ತೆ ಮೇಲೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಖನಿಜ ಕರಗಲು ಶುರುವಾಗುತ್ತದೆ. ಗಂಜ್‌ನಲ್ಲಿ ಸವಾಲು ಕೂಗುವ ಹೊತ್ತಿನಿಂದ ಅಂಗಡಿ ಮುಚ್ಚುವ ತನಕ ಗುಟುಕು ಗುಟುಕಾಗಿ ಚಹಾ ಕುಡಿಯುವ ದಲಾಲಿಯ, ಹಮಾಲನ, ಮುನೀಮನ ಹಲ್ಲಿಗೆ ಬಿಡುವೇ ಸಿಗುವುದಿಲ್ಲ. ಒಟ್ಟು ಎಷ್ಟು ಸಕ್ಕರೆ ತಿಂದರು ಎಂಬುದರ ಜೊತೆಗೆ ಎಷ್ಟು ಸಲ ತಿಂದರು ಎಂಬುದನ್ನೂ ಕೇಳಬೇಕು.

ಆಹಾರ ಬದಲಾದರೆ ಬಾಯಿಯ ನಿವಾಸಿಗಳೂ ಬದಲಾಗುತ್ತಾರೆ ಎಂಬುದಕ್ಕೆ ಬಹಳ ಹಳೆಯ ಸಾಕ್ಷಿಯೂ ಸಿಕ್ಕಿದೆ. ಪಾಚಿ ತಿಕ್ಕದೆ ಉಳಿದರೆ ಜೊಲ್ಲಿನ ಸುಣ್ಣ ಕೂಡಿ ಕಿಟ್ಟವಾಗಿ ಗಟ್ಟಿಯಾಗುತ್ತದೆ. ಸತ್ತು ಸಾವಿರಾರು ವರ್ಷವಾದರೂ ಅದರೊಳಗೆ ಬ್ಯಾಕ್ಟೀರಿಯಾದ ಡಿಎನ್‌ಎ ಉಳಿಯುತ್ತದೆ. ಉತ್ತರ ಯುರೋಪಿನ 34 ಪುರಾತನ ಅಸ್ಥಿಪಂಜರಗಳ ಕಿಟ್ಟ ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ, ಬೇಟೆಗಾರರು ಬೇಸಾಯಗಾರರಾದಾಗ ಒಮ್ಮೆ, ಕೈಗಾರಿಕಾ ಕ್ರಾಂತಿಯಲ್ಲಿ ಬಿಳಿ ಹಿಟ್ಟು, ಸಕ್ಕರೆ ಅಗ್ಗವಾದಾಗ ಇನ್ನೊಮ್ಮೆ ಬಾಯಿಯ ಬ್ಯಾಕ್ಟೀರಿಯಾ ಸಮುದಾಯ ಬದಲಾಯಿತೆಂದು ತೋರಿಸಿತು. ಎರಡನೆಯ ಸಲ ವೈವಿಧ್ಯ ಕುಗ್ಗಿ, ಹುಳುಕು ತರುವವು ಮೇಲುಗೈ ಪಡೆದಿದ್ದವು.

ಪಾಚಿ ಕಟ್ಟುವ ಬಗೆ ಹೇಗೆ? ತಿಕ್ಕಿ ತೊಳೆದ ಹಲ್ಲಿನ ಮೇಲೆ ನಿಮಿಷಗಳಲ್ಲೇ ಜೊಲ್ಲಿನ ಪ್ರೋಟೀನುಗಳ ತೆಳು ಲೇಪ ಕೂಡುತ್ತದೆ. ಅದಕ್ಕೆ ಮೊದಲು ಬಂದು ಅಂಟುವವು ಸ್ಟ್ರೆಪ್ಟೊಕಾಕಸ್ ಮತ್ತು ಆಕ್ಟಿನೊಮೈಸಿಸ್. ಅವು ಬಿಟ್ಟ ಲ್ಯಾಕ್ಟಿಕ್ ಆಮ್ಲವೇ ವೆಯ್ಲೊನೆಲ್ಲಾದ ಆಹಾರ. ಫ್ಯೂಸೊಬ್ಯಾಕ್ಟೀರಿಯಂ ಮೊದಲು ಬಂದವರಿಗೂ ತಡವಾಗಿ ಬರುವವರಿಗೂ ಅಂಟಿಕೊಂಡು ನಡುವೆ ಸೇತುವೆಯಾಗುತ್ತದೆ. ಗಂಜ್‌ನಲ್ಲಿ ತೊಗರಿ ದಾಲ್‌ಮಿಲ್ಲಿಗೆ ಹೋಗಿ, ಬೇಳೆ ಒಬ್ಬರ ಸರಕಾಗಿ, ಹೊಟ್ಟು ಇನ್ನೊಬ್ಬರ ದನದ ಮೇವಾಗುವಂತೆ, ಇಲ್ಲಿ ಒಬ್ಬರು ಬಿಟ್ಟದ್ದು ಮತ್ತೊಬ್ಬರ ಬಂಡವಾಳ. ಒಳಗೆ ಒಳಗೆ ಹೋದಂತೆ ಆಮ್ಲಜನಕ ತಗ್ಗುತ್ತದೆ, ಅದನ್ನು ಸಹಿಸದವು ಅಲ್ಲಿ ನೆಲೆಸುತ್ತವೆ. 2016ರಲ್ಲಿ ಜೆಸ್ಸಿಕಾ ಮಾರ್ಕ್ ವೆಲ್ಚ್ ಮತ್ತು ಸಂಗಡಿಗರು ಒಂದೊಂದು ಬಗೆಗೆ ಒಂದೊಂದು ಹೊಳೆಯುವ ಬಣ್ಣ ಕೊಟ್ಟು ಪಾಚಿಯ ನಕ್ಷೆಯನ್ನೇ ತೆಗೆದರು. ಹಲ್ಲಿನ ಬುಡದಿಂದ ಹೊರಕ್ಕೆ ಚಾಚಿದ ಕೊರಿನೆಬ್ಯಾಕ್ಟೀರಿಯಂನ ಉದ್ದ ಎಳೆಗಳು, ಅವುಗಳ ತುದಿಯ ಸುತ್ತ ಮುತ್ತಿದ ಸ್ಟ್ರೆಪ್ಟೊಕಾಕಸ್ ಗುಂಡುಗಳು, ನಡುವಿನ ಉಸಿರುಗಟ್ಟಿದ ವಲಯದಲ್ಲಿ ಫ್ಯೂಸೊಬ್ಯಾಕ್ಟೀರಿಯಂ. ಪ್ರತಿಯೊಂದಕ್ಕೂ ಗೊತ್ತಾದ ಜಾಗ.

ತಿಕ್ಕುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ತೋರಿಸಿದರು. ಆರೋಗ್ಯವಾದ ವಸಡಿನ 12 ಮಂದಿ ಹಲ್ಲುಜ್ಜುವುದನ್ನು ಬಿಟ್ಟರು. ಮೊದಲು ಗುಂಡುಗಳು ಹೆಚ್ಚಿದವು, ಆಮೇಲೆ ಎಳೆಗಳು ಮತ್ತು ಚೂಪು ಕಡ್ಡಿಗಳು, ಕೊನೆಗೆ ಬಾಗಿದ ವಿಬ್ರಿಯೊಗಳು, ಸುರುಳಿಗಳು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಪಾಚಿ ಹೋಯಿತು, ವಸಡೂ ಮೊದಲಿನಂತಾಯಿತು. ಔಷಧ ಯಾವುದನ್ನೂ ಕೊಟ್ಟಿರಲಿಲ್ಲ. ದಿನವೂ ಪೊರೆಯನ್ನು ಕೆಡವಬೇಕು, ಅದು ಪ್ರಬುದ್ಧವಾಗಲು ಬಿಡಬಾರದು. ಬೇವಿನ ಕಡ್ಡಿಯ ನಾರು ಮಾಡುತ್ತಿದ್ದುದೂ ಇದನ್ನೇ.

ಆದರೆ ತಿಕ್ಕುವ ರೂಢಿಯೊಳಗೇ ವಿಷ ನುಸುಳಿದ ಕಥೆಯೂ ಇದೆ. ಮಹಾರಾಷ್ಟ್ರದಲ್ಲಿ ಹುರಿದು ಕಪ್ಪಾಗಿಸಿ ಪುಡಿಮಾಡಿದ ತಂಬಾಕನ್ನು, ಅಂದರೆ ಮಿಶ್ರಿಯನ್ನು, ಹಲ್ಲಿಗೆ ತಿಕ್ಕುವುದು ಹೆಣ್ಣುಮಕ್ಕಳಲ್ಲಿ ಬಹಳ ಕಾಲದಿಂದ ನಡೆದು ಬಂದಿದೆ. ತಂಬಾಕು ಬೆರೆತ ಹಲ್ಲುಪುಡಿ, ಪೇಸ್ಟುಗಳು ಅಂಗಡಿಗಳಲ್ಲೂ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಕೇಂದ್ರ ಸರ್ಕಾರ 1992ರಲ್ಲಿ ಅವನ್ನು ನಿಷೇಧಿಸಿತು. ತಯಾರಕರು ಸುಪ್ರೀಂ ಕೋರ್ಟಿನವರೆಗೆ ಹೋದರು, 1997ರಲ್ಲಿ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ತಂಬಾಕಿನ ದೊಡ್ಡ ಅಪಾಯ ಬಾಯಿಯ ಕ್ಯಾನ್ಸರ್. ಅದರ ಜೊತೆಗೇ ಅದು ಇನ್ನೊಂದು ಮೋಸ ಮಾಡುತ್ತದೆ: ಸೇದುವವರಲ್ಲಿ ವಸಡಿನ ರಕ್ತಸ್ರಾವವನ್ನು ಕಡಿಮೆ ಮಾಡಿ ರೋಗವನ್ನು ಮುಚ್ಚಿಡುತ್ತದೆ. ಉಜ್ಜುವಾಗ ರಕ್ತ ಕಂಡರೆ ಜನ ವೈದ್ಯರ ಬಳಿ ಹೋದಾರು. ರಕ್ತವೇ ಕಾಣದಿದ್ದರೆ, ಹಲ್ಲು ಅಲ್ಲಾಡುವ ತನಕ ಯಾರೂ ಹೋಗುವುದಿಲ್ಲ.

ವಿಂಗಡಣೆಯ ಕೆಲಸ ಈ ನಡುವೆ ಕಣ್ಣಿನಿಂದ ಜೀನಿಗೆ ದಾಟಿತ್ತು. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ಜೀವಿಗಳ ನಂಟಸ್ತಿಕೆ ಕಂಡುಹಿಡಿಯುವ ದಾರಿ ತೋರಿದ ಮೇಲೆ ಹಳೆಯ ಹೆಸರುಗಳು ಒಂದೊಂದಾಗಿ ಬದಲಾದವು. ವಸಡಿನ ರೋಗದಲ್ಲಿ ಮುಖ್ಯವಾದ ಬ್ಯಾಕ್ಟೀರಾಯ್ಡಿಸ್ ಜಿಂಜಿವ್ಯಾಲಿಸ್ 1988ರಲ್ಲಿ ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಆಯಿತು. 1998ರಲ್ಲಿ ಬಾಸ್ಟನ್ನಿನ ಸಿಗ್ಮಂಡ್ ಸೊಕ್ರಾನ್‌ಸ್ಕಿ ಮತ್ತು ಸಂಗಡಿಗರು ಇನ್ನೊಂದು ಬಗೆಯ ವಿಂಗಡಣೆ ಮಾಡಿದರು. ವಂಶ ಯಾವುದು ಎಂದು ಕೇಳದೆ, ಬಾಯಲ್ಲಿ ಯಾರ ಜೊತೆ ಯಾರಿರುತ್ತಾರೆ ಎಂದು ನೋಡಿ ಅವನ್ನು ಬಣ್ಣಗಳ ಗುಂಪುಗಳಾಗಿಸಿದರು. ವಸಡಿನ ಆಳದ ಜೇಬುಗಳಲ್ಲಿ ಒಟ್ಟಿಗೆ ಸಿಗುವ ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್, ಟ್ಯಾನರೆಲ್ಲಾ ಫಾರ್ಸೈಥಿಯಾ, ಟ್ರೆಪೊನೀಮಾ ಡೆಂಟಿಕೋಲಾ ಈ ಮೂರೂ ಕೆಂಪು ಗುಂಪು. ಬಿಡಿ ಜೀವಿಯನ್ನು ಬಿಟ್ಟು ಸಮುದಾಯವನ್ನು ಎಣಿಸುವ ಈ ಕ್ರಮ ಚಿಕಿತ್ಸೆಗೆ ಹೆಚ್ಚು ಉಪಯುಕ್ತವಾಯಿತು.

ಬಾಯಿಯ ಪ್ರಭೇದಗಳಲ್ಲಿ ದೊಡ್ಡ ಪಾಲನ್ನು ಬಹಳ ಕಾಲ ಪ್ರಯೋಗಾಲಯದಲ್ಲಿ ಬೆಳೆಸಲು ಆಗಿರಲಿಲ್ಲ. ಟಿಎಂ7 ಎಂಬ ಬಳಗದ ಜೀನುಗಳು ಪಾಚಿಯಲ್ಲಿ ಮತ್ತೆ ಮತ್ತೆ ಸಿಗುತ್ತಿದ್ದವು, ಜೀವಿ ಮಾತ್ರ ಯಾವ ತಟ್ಟೆಯಲ್ಲೂ ಬೆಳೆಯುತ್ತಿರಲಿಲ್ಲ. 2015ರಲ್ಲಿ ಕೊನೆಗೂ ಅದನ್ನು ಬೆಳೆಸಿದಾಗ ಕಾರಣ ಹೊಳೆಯಿತು: ಅತಿ ಪುಟ್ಟದಾದ ಅದು ಆಕ್ಟಿನೊಮೈಸಿಸ್‌ನ ಮೈಮೇಲೆ ಕೂತು, ಅದರಿಂದಲೇ ಆಹಾರ ಪಡೆದು ಬದುಕುವಂಥದ್ದು, ಒಂಟಿಯಾಗಿ ಬೆಳೆಯಲಾರದು. 2010ರಲ್ಲಿ ಪ್ರಕಟವಾದ ಮಾನವ ಬಾಯಿಯ ಸೂಕ್ಷ್ಮಜೀವಿ ದತ್ತಾಂಶ ಕೋಶದಲ್ಲಿ ಪ್ರತಿಯೊಂದು ಪ್ರಭೇದಕ್ಕೂ ಒಂದು ಕ್ರಮಸಂಖ್ಯೆ ಇದೆ. ಇನ್ನೂ ಹೆಸರು ಬಾರದ ಹಲವನ್ನು ವಿಜ್ಞಾನಿಗಳು ಸದ್ಯ ಆ ಸಂಖ್ಯೆಯಿಂದಲೇ ಗುರುತಿಸುತ್ತಾರೆ.